ಜನರ ಪಟ್ಟಿಯೂ ಒಂದು ನ್ಯಾಸ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಸುಳ್ಳು ಉಪದೇಶ, ಕಳ್ಳ ಬರಹ ಇವೆರಡೂ ಸತ್ಯಕ್ಕೆ ವಿರೋಧವೆಂಬುದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಉಳಿದ ಮೂರು ಮೊದಲ ಓದಿಗೆ ತುಸು ಬೆರಗು ಹುಟ್ಟಿಸುತ್ತವೆ. ಏಕಾಂತದಲ್ಲಿ ನಡೆದುದನ್ನು ಹೊರಗೆ ಆಡುವುದು ರಹೋಭ್ಯಾಖ್ಯಾನ. ನಂಬಿ ಇಟ್ಟುಹೋದ ಒಡವೆಯ ವಿಷಯದಲ್ಲಿ ವಂಚಿಸುವುದು ನ್ಯಾಸಾಪಹಾರ. ಮತ್ತೊಬ್ಬನ ಮುಖಭಾವ, ಹುಬ್ಬಿನ ಚಲನೆ, ಸಂದರ್ಭ ಇವುಗಳಿಂದ ಅವನ ಮನದ ಇಂಗಿತವನ್ನು ಊಹಿಸಿ ಅಸೂಯೆಯಿಂದ ಬಯಲುಮಾಡುವುದು ಸಾಕಾರಮಂತ್ರಭೇದ. ಏಕಾಂತದ ಮಾತು ನಿಜವೇ ಆಗಿರಬಹುದು, ಊಹೆಯೂ ಸರಿಯಾಗಿಯೇ ಇರಬಹುದು. ನಿಜವನ್ನು ಹೇಳುವುದು ಸತ್ಯವ್ರತಕ್ಕೆ ಕುಂದು ಹೇಗಾದೀತು?

ನಮ್ಮ ನಾಡಿನವರೇ ಆದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಸಮಾಧಾನ ನೀಡಿದ್ದಾರೆ. ಜೀವಿಗೆ ಪೀಡೆಯುಂಟುಮಾಡುವ ಮಾತು, ವಸ್ತುಸ್ಥಿತಿಗೆ ಅನುಗುಣವಾಗಿದ್ದರೂ ಇಲ್ಲದಿದ್ದರೂ, ಪ್ರಶಸ್ತವಲ್ಲ ಎಂಬುದು ಅವರ ನಿಲುವು. ನ್ಯಾಸಾಪಹಾರಕ್ಕೆ ಅವರು ಕೊಡುವ ಉದಾಹರಣೆ ಇನ್ನೂ ಸೂಕ್ಷ್ಮವಾದುದು. ಒಡವೆಯಿಟ್ಟವನು ತಾನು ಇಟ್ಟುದು ಎಷ್ಟೆಂಬುದನ್ನು ಮರೆತು ಕಡಿಮೆ ಸಂಖ್ಯೆಯನ್ನು ಹೇಳಿ ಕೇಳುತ್ತಾನೆ. ಕಾಪಾಡಿದವನು 'ಅಷ್ಟೇ' ಎಂದು ಒಪ್ಪಿಬಿಡುತ್ತಾನೆ. ಇಲ್ಲಿ ಬಲಾತ್ಕಾರದ ಕಳವು ನಡೆದಿಲ್ಲ. ಇಟ್ಟವನ ಮರೆವು ಇಟ್ಟುಕೊಂಡವನ ಲಾಭವಾಯಿತು, ಅಷ್ಟೆ. ಕಳೆದ ನೂರಮೂವತ್ತು ವರ್ಷಗಳಲ್ಲಿ ಜನರ ಹೆಸರುಗಳನ್ನು ಪಟ್ಟಿಮಾಡಿದ ಚರಿತ್ರೆಯನ್ನು ಓದುವಾಗ ಈ ಮೂರು ಅತಿಚಾರಗಳು ಹೆಜ್ಜೆಹೆಜ್ಜೆಗೂ ನೆನಪಿಗೆ ಬರುತ್ತವೆ. ಇಂದು 'ಬಿಗ್ ಡೇಟಾ' ಅಥವಾ ಬೃಹತ್ ದತ್ತಾಂಶ ಎಂದು ಕರೆಯಲಾಗುವುದು ಆ ಚರಿತ್ರೆಯ ಇತ್ತೀಚಿನ ಅಧ್ಯಾಯ ಮಾತ್ರ.

ಹೆಸರು ಬರೆದಿಡುವುದು ಹೊಸದೇನೂ ಅಲ್ಲ. ಶ್ರವಣಬೆಳಗೊಳದ ಬಂಡೆಗಳ ಮೇಲೆ ನೂರಾರು ಹೆಸರುಗಳಿವೆ: ದಾನವಿತ್ತವರು, ಸಲ್ಲೇಖನ ಕೈಗೊಂಡವರು, ಯಾತ್ರೆಗೆ ಬಂದವರು. ಅವರವರ ಬಂಧುಗಳೋ ಶಿಷ್ಯರೋ ಉಳಿಯಲೆಂದು ಬಯಸಿ ಕೆತ್ತಿಸಿದ ಹೆಸರುಗಳು ಅವು. ಅರಸರ ಕಾಲದ ಕಡತಗಳಲ್ಲಿಯೂ ಪಟ್ಟಿಗಳಿದ್ದವು. ಆದರೆ ಒಂದು ಪಟ್ಟಿಯನ್ನು ಮತ್ತೊಂದರೊಡನೆ ಹೋಲಿಸಿ 'ಇಂಥ ವಯಸ್ಸಿನ, ಇಂಥ ಮತದ, ಇಂಥ ಬೀದಿಯವರು ಯಾರು?' ಎಂದು ಕೇಳಿದರೆ ಉತ್ತರ ಹುಡುಕಲು ಗುಮಾಸ್ತರಿಗೆ ತಿಂಗಳುಗಳೇ ಬೇಕಾಗುತ್ತಿದ್ದವು. ಆ ಶ್ರಮವೇ ಜನರಿಗೊಂದು ಅಗೋಚರವಾದ ಕೋಟೆಯಾಗಿತ್ತು.

ಕೋಟೆ ಒಡೆದದ್ದು 1890ರ ಅಮೆರಿಕದ ಜನಗಣತಿಯಲ್ಲಿ. ಅದರ ಹಿಂದಿನ 1880ರ ಗಣತಿಯ ಲೆಕ್ಕ ಮುಗಿಸಲು ಸುಮಾರು ಏಳು ವರ್ಷಗಳು ಹಿಡಿದಿದ್ದವು. ಹರ್ಮನ್ ಹಾಲರಿತ್ ಎಂಬ ಯಂತ್ರಶಿಲ್ಪಿ ಒಬ್ಬೊಬ್ಬ ವ್ಯಕ್ತಿಗೆ ಒಂದೊಂದು ಕಾರ್ಡು ಮಾಡಿ, ಅವನ ವಯಸ್ಸು, ಲಿಂಗ, ಹುಟ್ಟಿದ ನಾಡು, ಕಸುಬು ಇವನ್ನೆಲ್ಲ ರಂಧ್ರಗಳಾಗಿ ಕೊರೆದು, ವಿದ್ಯುತ್ತಿನ ನೆರವಿನಿಂದ ಎಣಿಸುವ ಯಂತ್ರವನ್ನು ರಚಿಸಿದನು. ರೈಲಿನ ಟಿಕೆಟ್ ತಪಾಸಣೆಯವನು ಪ್ರಯಾಣಿಕನ ಚಹರೆಯನ್ನು ಟಿಕೆಟ್ಟಿನಲ್ಲಿ ತೂತುಗಳ ಮೂಲಕ ಗುರುತಿಸುತ್ತಿದ್ದುದನ್ನು ನೋಡಿ ಅವನಿಗೆ ಈ ಯೋಚನೆ ಹೊಳೆಯಿತಂತೆ. ಆರು ಕೋಟಿಗೂ ಮಿಕ್ಕ ಜನರ ವಿವರವನ್ನು ಯಂತ್ರ ಎಣಿಸಿಕೊಟ್ಟಿತು. ಹಾಲರಿತನ ಸಂಸ್ಥೆ 1911ರಲ್ಲಿ ಇತರ ಕಂಪನಿಗಳೊಡನೆ ಕೂಡಿ, 1924ರಲ್ಲಿ ಐಬಿಎಂ ಎಂಬ ಹೆಸರನ್ನು ತಳೆಯಿತು. ಎಣಿಕೆ ಮಾಡಬಲ್ಲ ಯಂತ್ರ ಜನರನ್ನು ವಿಂಗಡಿಸಿ ಬೇರೆಮಾಡಲೂ ಬಲ್ಲುದು ಎಂಬುದನ್ನು ಆಗ ಯಾರೂ ಹೆಚ್ಚಾಗಿ ಚಿಂತಿಸಿದಂತಿಲ್ಲ.

ಈ ವಿಷಯದಲ್ಲಿ ನೆದರ್ಲೆಂಡ್ಸ್ ದೇಶದ ಕಥೆಯನ್ನು ವಿವರವಾಗಿ ತಿಳಿಯುವುದು ಅವಶ್ಯ. ಅದು ಕ್ರೂರಿಗಳಿಂದ ಆರಂಭವಾದ ಕಥೆಯಲ್ಲ. ಆ ಪುಟ್ಟ ದೇಶದ ನಗರಸಭೆಗಳು 1850ರಿಂದಲೇ ನಿವಾಸಿಗಳ ದಾಖಲೆ ಪುಸ್ತಕಗಳನ್ನು ಅಚ್ಚುಕಟ್ಟಾಗಿ ಇಟ್ಟಿದ್ದವು. 1930ರ ದಶಕದಲ್ಲಿ ಅದರ ಬದಲಿಗೆ ಒಬ್ಬೊಬ್ಬರಿಗೆ ಒಂದು ವ್ಯಕ್ತಿಪತ್ರ ಎಂಬ ಪದ್ಧತಿ ಬಂದಿತು. ಹುಟ್ಟು, ಮದುವೆ, ವಿಳಾಸ, ಉದ್ಯೋಗಗಳ ಜೊತೆಗೆ ಮತವೂ ಅದರಲ್ಲಿ ನಮೂದಾಗುತ್ತಿತ್ತು. ಆ ದೇಶದಲ್ಲಿ ಕ್ಯಾಥೊಲಿಕರು, ಪ್ರಾಟೆಸ್ಟೆಂಟರು ಮೊದಲಾದವರಿಗೆ ಬೇರೆ ಬೇರೆ ಶಾಲೆ, ಆಸ್ಪತ್ರೆ, ವೃತ್ತಪತ್ರಿಕೆ, ಕಾರ್ಮಿಕ ಸಂಘಗಳು ಇದ್ದುದರಿಂದ ಮತದ ಅಂಕಣ ಯಾರಿಗೂ ಅನುಚಿತವಾಗಿ ತೋರಲಿಲ್ಲ. ಯಹೂದಿಗಳೂ ಸಂಕೋಚವಿಲ್ಲದೆ ಬರೆಸಿದರು. ಮುಚ್ಚಿಡುವ ಕಾರಣ ಆಗ ಏನೂ ಇರಲಿಲ್ಲ.

ಈ ಇಲಾಖೆಯ ಮುಖ್ಯಸ್ಥನಾದ ಯಾಕೊಬುಸ್ ಲೆಂಟ್ಸ್ ದಾಖಲೆಯ ಪರಿಪೂರ್ಣತೆಯನ್ನೇ ಧ್ಯೇಯವಾಗಿ ಇಟ್ಟುಕೊಂಡವನು. ಪ್ರತಿಯೊಬ್ಬರಿಗೂ ಗುರುತಿನ ಚೀಟಿ ಕೊಡಬೇಕೆಂಬ ಅವನ ಸಲಹೆಯನ್ನು ಡಚ್ ಸರ್ಕಾರ 1940ರ ಮಾರ್ಚ್‌ನಲ್ಲಿ ತಳ್ಳಿಹಾಕಿತು. ಹಾಗೆ ಮಾಡಿದರೆ ಪ್ರತಿಯೊಬ್ಬ ಪ್ರಜೆಯನ್ನೂ ಅಪರಾಧಿಯೆಂದು ಶಂಕಿಸಿದಂತಾಗುತ್ತದೆ ಎಂಬುದು ಅದರ ವಾದ. ಎರಡು ತಿಂಗಳು ಕಳೆಯಲಿಲ್ಲ, ಮೇ 10ರಂದು ಜರ್ಮನ್ ಸೇನೆ ಗಡಿ ದಾಟಿತು. ಐದೇ ದಿನಗಳಲ್ಲಿ ದೇಶ ಶರಣಾಯಿತು. ಲೆಂಟ್ಸನು ಅದೇ ಸಲಹೆಯನ್ನು ಹೊಸ ಒಡೆಯರ ಮುಂದಿಟ್ಟನು. 1941ರಲ್ಲಿ ಭಾವಚಿತ್ರ, ಬೆರಳಚ್ಚುಗಳುಳ್ಳ ಗುರುತಿನ ಚೀಟಿ ಜಾರಿಗೆ ಬಂದಿತು. ಅದನ್ನು ನಕಲು ಮಾಡುವುದು ಬಹು ಕಷ್ಟವಾಗಿತ್ತು. ಅದೇ ವರ್ಷದ ಜನವರಿಯ ಆಜ್ಞೆಯಂತೆ ಯಹೂದಿಗಳೆಲ್ಲ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕಾಯಿತು. ಬಹುತೇಕ ಎಲ್ಲರೂ ನೋಂದಾಯಿಸಿಕೊಂಡರು. ಮತವೆಲ್ಲ ಮೊದಲೇ ಕಡತದಲ್ಲಿರುವಾಗ ಅಡಗುವುದೆಲ್ಲಿ? ಮೇ ತಿಂಗಳಲ್ಲಿ ಆಮ್‌ಸ್ಟರ್‌ಡಾಮ್ ನಗರಸಭೆಯ ಸಿಬ್ಬಂದಿಯೇ ನಗರದ ನಕ್ಷೆಯೊಂದನ್ನು ಸಿದ್ಧಪಡಿಸಿ ಕೊಟ್ಟರು. ಅದರ ಮೇಲೆ ಕಪ್ಪು ಚುಕ್ಕೆಗಳು. ಒಂದೊಂದು ಚುಕ್ಕೆಗೆ ಹತ್ತು ಯಹೂದಿಗಳು.

ಆ ನಕ್ಷೆ ಇಂದಿಗೂ ಉಳಿದಿದೆ. ಅದರಲ್ಲಿ ಒಂದೂ ಸುಳ್ಳಿಲ್ಲ. ಚುಕ್ಕೆ ಇಟ್ಟ ಗುಮಾಸ್ತನು ಯಾರನ್ನೂ ಕೊಂದವನಲ್ಲ. ಬಹುಶಃ ಯಾರನ್ನೂ ದ್ವೇಷಿಸಿದವನೂ ಅಲ್ಲ. ಲೆಕ್ಕ ಸರಿಯಾಗಿರಬೇಕೆಂಬುದೇ ಅವನ ಕಾಳಜಿ. ರಹೋಭ್ಯಾಖ್ಯಾನವನ್ನು ಸತ್ಯವ್ರತದ ಅಡಿಯಲ್ಲಿಯೇ ಏಕೆ ಇಟ್ಟರೆಂಬುದಕ್ಕೆ ಇದಕ್ಕಿಂತ ದಾರುಣವಾದ ವ್ಯಾಖ್ಯಾನ ನಮಗೆ ತಿಳಿದಂತೆ ಬೇರಿಲ್ಲ.

ಆಗ ಅಲ್ಲಿದ್ದ ಸುಮಾರು 1,40,000 ಯಹೂದಿಗಳಲ್ಲಿ 1,02,000ದಷ್ಟು ಮಂದಿ ಹತರಾದರು. ನೂರಕ್ಕೆ ಎಪ್ಪತ್ತೈದರ ಸಮೀಪ. ನೆರೆಯ ಬೆಲ್ಜಿಯಂನಲ್ಲಿ ಇದು ಸುಮಾರು ನಲವತ್ತು, ಫ್ರಾನ್ಸಿನಲ್ಲಿ ಇಪ್ಪತ್ತೈದು. ಈ ವ್ಯತ್ಯಾಸಕ್ಕೆ ದಾಖಲೆಯೊಂದೇ ಕಾರಣವೆನ್ನುವುದು ಅವಸರದ ಮಾತಾದೀತು. ಅಡಗಲು ಕಾಡು ಬೆಟ್ಟಗಳಿಲ್ಲದ ಸಮತಟ್ಟು ನೆಲ, ಆಡಳಿತವನ್ನು ನಡೆಸಿದ ನಾಜಿಗಳ ಸ್ವರೂಪ, ಪೊಲೀಸರ ಸಹಕಾರ ಇವೆಲ್ಲವನ್ನೂ ಇತಿಹಾಸಕಾರರು ಎಣಿಸುತ್ತಾರೆ. ಆದರೂ ಪಟ್ಟಿಯನ್ನು ಕಾರಣಗಳ ಸಾಲಿನಿಂದ ಕೈಬಿಟ್ಟವರು ವಿರಳ.

ಅಂದಿನ ಡಚ್ಚರಿಗೂ ಇದರ ಅರಿವಾಗಿತ್ತು. 1943ರ ಮಾರ್ಚ್ 27ರ ರಾತ್ರಿ ಚಿತ್ರಕಾರ ಹಾಗೂ ಲೇಖಕ ವಿಲ್ಲೆಂ ಅರೊಂಡೇಯುಸ್, ಶಿಲ್ಪಿ ಗೆರಿಟ್ ವಾನ್ ಡೆರ್ ವೇನ್ ಮೊದಲಾದವರ ಗುಂಪು ಪೊಲೀಸರ ವೇಷದಲ್ಲಿ ಆಮ್‌ಸ್ಟರ್‌ಡಾಮಿನ ಜನದಾಖಲೆ ಕಛೇರಿಯನ್ನು ಹೊಕ್ಕಿತು. ಕಾವಲುಗಾರರನ್ನು ಕೊಲ್ಲದೆ, ನಿದ್ದೆಯ ಮದ್ದು ಚುಚ್ಚಿ ಹೊರಗೆ ಮಲಗಿಸಿ, ಕಾರ್ಡುಗಳನ್ನು ನೆಲಕ್ಕೆ ಸುರಿದು ಬೆಂಕಿಯಿಟ್ಟರು. ಅಗ್ನಿಶಾಮಕ ದಳದವರು ಬೇಕೆಂದೇ ತಡಮಾಡಿದರು. ಬಂದ ಮೇಲೆ ಬೆಂಕಿ ಆರಿದರೂ ಬಿಡದೆ ನೀರು ಹೊಯ್ದು ಉಳಿದ ಕಾಗದಗಳನ್ನು ಕೆಡಿಸಿದರು. ಇಷ್ಟಾದರೂ ನಾಶವಾದುದು ನೂರಕ್ಕೆ ಹದಿನೈದರಷ್ಟು ದಾಖಲೆ. ಕಾರ್ಡುಗಳನ್ನು ಒತ್ತೊತ್ತಾಗಿ ಅಡಕಿದ್ದುದರಿಂದ ಒಳಗೆ ಬೆಂಕಿ ಹೊಗಲಿಲ್ಲ. ಜುಲೈ 1ರಂದು ಅರೊಂಡೇಯುಸ್ ಸೇರಿ ಹನ್ನೆರಡು ಮಂದಿಯನ್ನು ಗುಂಡಿಟ್ಟು ಕೊಂದರು. ಮುಂದಿನ ವರ್ಷ ಏಪ್ರಿಲ್ 11ರಂದು ಹೇಗ್ ನಗರದಲ್ಲಿ ಗುರುತಿನ ಚೀಟಿಗಳ ಮೂಲ ಪ್ರತಿಗಳಿದ್ದ ಕಟ್ಟಡದ ಮೇಲೆ ಬ್ರಿಟಿಷ್ ವಿಮಾನಗಳು ಬಾಂಬು ಹಾಕಿದವು. ಅಲ್ಲಿ ಕೆಲಸಕ್ಕಿದ್ದ ಸುಮಾರು ಅರುವತ್ತು ಮಂದಿ ಸತ್ತರು. ಬರೆದಿಡಲು ಒಂದು ಲೇಖನಿ ಸಾಕಾಗಿತ್ತು. ಅಳಿಸಲು ಯುದ್ಧವಿಮಾನ ಬೇಕಾಯಿತು.

ಫ್ರಾನ್ಸಿನಲ್ಲಿ ಇದಕ್ಕೆ ಪ್ರತಿಯಾಗಿ ಒಬ್ಬ ಅಧಿಕಾರಿಯ ಕಥೆಯಿದೆ. ರಂಧ್ರಪತ್ರ ಯಂತ್ರಗಳ ತಜ್ಞನಾದ ರೆನೆ ಕಾರ್ಮಿಲ್ ಅಲ್ಲಿನ ಅಂಕಿಅಂಶ ಇಲಾಖೆಯ ಮುಖ್ಯಸ್ಥ. 1941ರ ಗಣತಿಯ ಹನ್ನೊಂದನೆಯ ಪ್ರಶ್ನೆ ಯಹೂದಿಗಳನ್ನು ಕುರಿತದ್ದು. ಅದರ ಉತ್ತರಗಳನ್ನು ಯಂತ್ರಕ್ಕೆ ಉಣಿಸುವ ಕೆಲಸವನ್ನು ಅವನು ಮುಂದೂಡುತ್ತಲೇ ಹೋದನು. ಪ್ಯಾರಿಸಿನ ಪೊಲೀಸರು ಅದಕ್ಕೂ ಮೊದಲೇ ತಮ್ಮದೇ ಬೇರೆ ಪಟ್ಟಿ ಮಾಡಿಕೊಂಡಿದ್ದರೆಂಬುದು ದಿಟ. ಒಬ್ಬನ ಸಂಯಮ ಎಲ್ಲರನ್ನೂ ಉಳಿಸಲಾರದು. 1944ರ ಫೆಬ್ರವರಿಯಲ್ಲಿ ಕಾರ್ಮಿಲ್ ಬಂಧಿತನಾಗಿ, 1945ರ ಜನವರಿಯಲ್ಲಿ ದಾಖೌ ಶಿಬಿರದಲ್ಲಿ ತೀರಿಕೊಂಡನು.

ಇದೆಲ್ಲ ಸರ್ವಾಧಿಕಾರಿಗಳ ಕಥೆ, ಪ್ರಜಾಪ್ರಭುತ್ವದಲ್ಲಿ ಹೀಗಾಗದು ಎನ್ನುವವರುಂಟು. ಅಮೆರಿಕದಲ್ಲಿ 1940ರ ಗಣತಿಯ ವಿವರಗಳನ್ನು ಗುಪ್ತವಾಗಿಡುವುದಾಗಿ ಕಾನೂನೇ ಭರವಸೆ ನೀಡಿತ್ತು. 1942ರ ಯುದ್ಧಕಾಲದ ಶಾಸನ ಆ ಭರವಸೆಯನ್ನು ಸಡಿಲಿಸಿತು. ಜಪಾನೀ ಮೂಲದವರು ಯಾವ ಯಾವ ಬೀದಿಗಳಲ್ಲಿ ಎಷ್ಟೆಷ್ಟಿದ್ದಾರೆಂಬ ಲೆಕ್ಕ ಸೇನೆಗೆ ಸಿಕ್ಕಿತು; ಸುಮಾರು 1,20,000 ಮಂದಿಯನ್ನು ಶಿಬಿರಗಳಿಗೆ ಒಯ್ಯಲಾಯಿತು. ಗಣತಿ ಇಲಾಖೆಯ ಮುಖ್ಯಸ್ಥರು ಇದಕ್ಕೆ ಕ್ಷಮೆ ಕೇಳಿದ್ದು 2000ದಲ್ಲಿ. ರಾಜಧಾನಿ ವಾಷಿಂಗ್ಟನ್ನಿನ ಜಪಾನೀಯರ ಹೆಸರು ವಿಳಾಸಗಳನ್ನೇ 1943ರಲ್ಲಿ ಕೊಟ್ಟಿದ್ದರೆಂಬುದು ಸಂಶೋಧಕರ ಕೈಗೆ ಸಿಕ್ಕಿದ್ದು 2007ರಲ್ಲಿ. ಪಟ್ಟಿ ಕೊಟ್ಟವನ ನಂಬಿಕೆ ಒಂದು ಕಾನೂನಿನ ಮೇಲೆ. ಕಾನೂನು ಬದಲಾದರೂ ಪಟ್ಟಿ ಮಾತ್ರ ಹಾಗೆಯೇ ಇರುತ್ತದೆ.

ಈಗಿನ ಕಾಲದ ವಿಶೇಷವೆಂದರೆ ಮತದ ಅಂಕಣವನ್ನು ತುಂಬಿಸುವ ಅವಶ್ಯಕತೆಯೇ ಉಳಿದಿಲ್ಲ. ಕೈಯಲ್ಲಿರುವ ಫೋನು ನಾವು ದಿನವೂ ಎಲ್ಲಿ ಹೋಗುತ್ತೇವೆಂದು ಗುರುತಿಟ್ಟುಕೊಳ್ಳುತ್ತದೆ. ರಸ್ತೆಯ ದಟ್ಟಣೆಯನ್ನು ಮುಂಚೆಯೇ ತಿಳಿಸುವ ಉಪಕಾರ ಅದರಿಂದಲೇ ಆಗುವುದು. ಹಣ ಪಾವತಿ, ಔಷಧಿ ಖರೀದಿ, ಊಟ ತರಿಸುವುದು ಎಲ್ಲವೂ ಒಂದೊಂದು ಸಾಲಾಗಿ ಎಲ್ಲೋ ಸೇರುತ್ತವೆ. ಒಂದು ಮನೆಯವರು ಊಟ ತರಿಸುವಾಗ ಈರುಳ್ಳಿ ಬೆಳ್ಳುಳ್ಳಿ ಬೇಡವೆನ್ನುತ್ತಾರೆ, ಸೂರ್ಯಾಸ್ತದ ಬಳಿಕ ಏನನ್ನೂ ತರಿಸುವುದಿಲ್ಲ, ಭಾದ್ರಪದದ ದಶಲಕ್ಷಣ ಪರ್ವದ ಹತ್ತು ದಿನ ಪೂರ್ತಿ ಮೌನವಾಗಿರುತ್ತಾರೆ ಎಂದುಕೊಳ್ಳೋಣ. ಅವರು ಯಾರೆಂದು ಬೇರೆ ಕೇಳಬೇಕೇ? ನಮ್ಮ ನಿಯಮಪಾಲನೆಯೇ ನಮ್ಮ ಗುರುತಾಗಿ ಅಪರಿಚಿತರ ಗಣಕಯಂತ್ರವನ್ನು ಸೇರುತ್ತದೆ. ಹುಬ್ಬಿನ ಚಲನೆಯಿಂದ ಇಂಗಿತವನ್ನು ಅರಿಯುವುದೆಂದು ಪೂಜ್ಯಪಾದರು ಹೇಳಿದ ಮಾತು ಇಲ್ಲಿ ಅಕ್ಷರಶಃ ಅನ್ವಯವಾಗುತ್ತದೆ.

ಅಮೆರಿಕದ ಟಾರ್ಗೆಟ್ ಎಂಬ ಅಂಗಡಿ ಸಂಸ್ಥೆಯ ಸಂಖ್ಯಾಶಾಸ್ತ್ರಜ್ಞರು ಹೆಂಗಸರು ಕೊಳ್ಳುವ ಇಪ್ಪತ್ತೈದರಷ್ಟು ವಸ್ತುಗಳನ್ನು, ಅಂದರೆ ವಾಸನೆಯಿಲ್ಲದ ಲೇಪನ, ಕ್ಯಾಲ್ಸಿಯಂ ಗುಳಿಗೆ ಮೊದಲಾದವನ್ನು ಒಟ್ಟಿಗೆ ನೋಡಿ, ಯಾರು ಗರ್ಭಿಣಿಯರೆಂದು ಊಹಿಸುವ ವಿಧಾನವನ್ನು ಕಂಡುಕೊಂಡಿದ್ದರೆಂದು 2012ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬರೆಯಿತು. ಊಹೆ ಸರಿಯಾದುದೇ ಗಿರಾಕಿಗಳಿಗೆ ಮುಜುಗರ ತಂದಿತು. ಆಗ ಸಂಸ್ಥೆ ಮಗುವಿನ ಸಾಮಾನುಗಳ ಜಾಹೀರಾತಿನ ನಡುವೆ ಸಂಬಂಧವಿಲ್ಲದ ಇತರ ವಸ್ತುಗಳನ್ನೂ ಬೆರೆಸಿ ಕಳುಹಿಸತೊಡಗಿತಂತೆ. ಅರಿತುದನ್ನು ಬಿಡಲಿಲ್ಲ, ಅರಿತಿದ್ದೇವೆಂಬುದನ್ನು ಮರೆಮಾಡಿದರು.

ಹೆಸರನ್ನು ತೆಗೆದುಹಾಕಿಬಿಟ್ಟರೆ ದೋಷವಿಲ್ಲ ಎಂಬ ಸಮಾಧಾನವನ್ನು ಹಲವರು ಹೇಳುತ್ತಾರೆ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ತನ್ನ ನೌಕರರ ಆಸ್ಪತ್ರೆ ವಿವರಗಳನ್ನು ಹೆಸರಿಲ್ಲದೆ ಸಂಶೋಧಕರಿಗೆ ಕೊಟ್ಟಿತು. ಗೌಪ್ಯಕ್ಕೆ ಭಂಗವಿಲ್ಲವೆಂದು ರಾಜ್ಯಪಾಲ ವಿಲಿಯಂ ವೆಲ್ಡ್ ಭರವಸೆಯನ್ನೂ ಇತ್ತರು. ಲಟಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ ಇಪ್ಪತ್ತು ಡಾಲರು ತೆತ್ತು ಕೇಂಬ್ರಿಜ್ ನಗರದ ಮತದಾರರ ಪಟ್ಟಿಯನ್ನು ಕೊಂಡಳು. ರಾಜ್ಯಪಾಲರ ಜನ್ಮದಿನದಂದೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಮಂದಿ. ಅವರಲ್ಲಿ ಗಂಡಸರು ಮೂವರು. ಅವರ ಅಂಚೆ ವಲಯದಲ್ಲಿದ್ದವನು ಒಬ್ಬನೇ. ರಾಜ್ಯಪಾಲರ ಕಾಯಿಲೆಯ ವಿವರವೆಲ್ಲ ಆಕೆಯ ಮುಂದಿತ್ತು. ಜನ್ಮದಿನಾಂಕ, ಲಿಂಗ, ಅಂಚೆ ಸಂಖ್ಯೆ ಈ ಮೂರೇ ಅಮೆರಿಕದ ಬಹುಸಂಖ್ಯಾತರನ್ನು ಗುರುತಿಸಲು ಸಾಕೆಂದು ಆಕೆ ಅನಂತರ ತೋರಿಸಿಕೊಟ್ಟರು. ಒಂದೊಂದೇ ನೋಡಿದರೆ ನಿರಪಾಯವಾದ ಎರಡು ಪಟ್ಟಿಗಳು ಕೂಡಿದಾಗ ಬೇರೆಯೇ ಆಗುತ್ತವೆ.

ಇನ್ನು ನಮ್ಮ ದೇಶದ ಮಾತು. 1881ರ ಜನಗಣತಿಯಿಂದಲೂ ಜೈನರನ್ನು ಪ್ರತ್ಯೇಕವಾಗಿ ಎಣಿಸಲಾಗಿದೆ. 2011ರ ಗಣತಿಯ ಪ್ರಕಾರ ದೇಶದಲ್ಲಿ 44,51,753 ಮಂದಿ, ಕರ್ನಾಟಕದಲ್ಲಿ 4,40,280 ಮಂದಿ ಜೈನರು. ಪ್ರತಿ ಗಣತಿಯಲ್ಲೂ ಧರ್ಮದ ಅಂಕಣದಲ್ಲಿ 'ಜೈನ' ಎಂದೇ ಬರೆಸಿರೆಂದು ಬಸದಿಗಳಲ್ಲಿ ಹೇಳುವುದು ವಾಡಿಕೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ಸ್ಥಾನ ನೀಡಿದುದಕ್ಕೆ ಈ ಎಣಿಕೆಯೂ ನೆರವಾಯಿತು. ಎಣಿಸಲ್ಪಡುವುದರಿಂದ ಸಣ್ಣ ಸಮಾಜಕ್ಕೆ ಲಾಭವಿದೆಯೆಂಬುದನ್ನು ಮರೆತು ಬರಿಯ ಭಯವನ್ನು ಬೋಧಿಸುವುದು ನ್ಯಾಯವಲ್ಲ. 1948ರ ಜನಗಣತಿ ಅಧಿನಿಯಮದ 15ನೆಯ ಕಲಮಿನಂತೆ ಗಣತಿಯಲ್ಲಿ ಬರೆಸಿದುದನ್ನು ಯಾರೂ ಪರಿಶೀಲಿಸುವಂತಿಲ್ಲ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಯೂ ಹಾಜರುಪಡಿಸುವಂತಿಲ್ಲ. 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿರುವ 2027ರ ಗಣತಿ ಕಾಗದದ ಬದಲು ಗಣಕದ ಮೂಲಕ ನಡೆಯುವಂಥದು. ಆ ಕಲಮಿನ ಬೆಲೆ ಈಗ ಹೆಚ್ಚಿದೆ.

ಖಾಸಗಿತನದ ಹಕ್ಕನ್ನು ಈ ದೇಶಕ್ಕೆ ಸ್ಪಷ್ಟವಾಗಿ ತಂದುಕೊಟ್ಟ ಮೊಕದ್ದಮೆ ಕನ್ನಡಿಗರೊಬ್ಬರ ಹೆಸರಿನಲ್ಲಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಮರುವರ್ಷ ಆಧಾರ್ ಯೋಜನೆಯನ್ನು ಬಹುಮತದ ತೀರ್ಪು ಎತ್ತಿಹಿಡಿದರೂ ಖಾಸಗಿ ಸಂಸ್ಥೆಗಳ ಬಳಕೆಗೆ ಕಡಿವಾಣ ಹಾಕಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೊಂಬತ್ತೆಂಟನೆಯ ವಯಸ್ಸಿನಲ್ಲಿ ನಿಧನರಾದರು. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಮಾಹಿತಿಯನ್ನು ಪಡೆಯುವವನು ಉದ್ದೇಶವನ್ನು ತಿಳಿಸಿ ಒಪ್ಪಿಗೆ ಪಡೆಯಬೇಕು, ಉದ್ದೇಶ ತೀರಿದ ಮೇಲೆ ಅಳಿಸಬೇಕು ಎಂಬ ತತ್ತ್ವವನ್ನು ಒಪ್ಪಿದೆ. ಸರ್ಕಾರಕ್ಕೆ ಅದರಲ್ಲಿ ವಿಶಾಲವಾದ ವಿನಾಯಿತಿಗಳಿವೆಯೆಂಬ ಆಕ್ಷೇಪ ಉಳಿದೇ ಇದೆ. ಆ ಆಕ್ಷೇಪದಲ್ಲಿ ಹುರುಳಿದೆಯೆಂದು ನಮ್ಮ ಅಭಿಪ್ರಾಯ. ಅಂಗಡಿಯಲ್ಲಿ ಬಿಲ್ಲು ಮಾಡಿಸುವಾಗ ಫೋನ್ ಸಂಖ್ಯೆಗಾಗಿ ಗಿರಾಕಿಗಳನ್ನು ಒತ್ತಾಯಿಸಬಾರದೆಂದು 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಸಲಹೆ ನೀಡಿದ್ದನ್ನು ಎಷ್ಟು ಮಂದಿ ಗಮನಿಸಿದ್ದಾರೋ! ನಮ್ಮಲ್ಲಿ ವ್ಯಾಪಾರಿಗಳೂ ಬಹಳ, ಗಿರಾಕಿಗಳೂ ಬಹಳ. ಆದುದರಿಂದ ಇದು ಎರಡೂ ಕಡೆಯಿಂದ ನಮಗೆ ಸಂಬಂಧಪಟ್ಟುದು.

ಸರ್ಕಾರ, ಕಂಪನಿಗಳ ಮಾತು ಹಾಗಿರಲಿ. ಬಸದಿಯ ಟ್ರಸ್ಟುಗಳ ಕಪಾಟಿನಲ್ಲಿ ಏನೇನಿದೆಯೆಂದು ಒಮ್ಮೆ ತೆರೆದು ನೋಡಬಹುದು. ತೆರಿಗೆ ವಿನಾಯಿತಿಯುಳ್ಳ ಸಂಸ್ಥೆಗಳು 2021-22ರ ಹಣಕಾಸು ವರ್ಷದಿಂದ ದಾನಿಗಳ ಗುರುತಿನ ಸಂಖ್ಯೆಯೊಡನೆ ವಾರ್ಷಿಕ ವಿವರ ಸಲ್ಲಿಸಬೇಕಾದುದರಿಂದ ಪ್ಯಾನ್ ಕಾರ್ಡಿನ ನಕಲುಗಳು ಕಂತೆಗಟ್ಟಿ ಸೇರಿರುತ್ತವೆ. ವಧೂವರರ ಮಾಹಿತಿ ಕೇಂದ್ರದ ಅರ್ಜಿಗಳಲ್ಲಿ ಜನ್ಮದಿನಾಂಕ, ಸಂಬಳ, ಭಾವಚಿತ್ರ, ಕೆಲವೊಮ್ಮೆ ವಿಚ್ಛೇದನದ ಕಾರಣವೂ ಇರುತ್ತದೆ. ಸಂಬಂಧ ಕುದುರಿ ಹತ್ತು ವರ್ಷ ಕಳೆದರೂ ಅರ್ಜಿ ಅಲ್ಲಿಯೇ. ಸಮಾಜದ ಕುಟುಂಬಗಳ ಪರಿಚಯ ಪುಸ್ತಕಗಳಲ್ಲಿ ಮನೆಯ ವಿಳಾಸ, ಅಂಗಡಿಯ ಹೆಸರು, ಹಿರಿಯರ ವಯಸ್ಸು, ಮಕ್ಕಳು ಯಾವ ದೇಶದಲ್ಲಿದ್ದಾರೆಂಬ ವಿವರ, ಎಲ್ಲರ ಫೋನು. ಇಂಥ ಪುಸ್ತಕದಿಂದ ಎಷ್ಟೋ ಮದುವೆಗಳಾಗಿವೆ, ಊರು ಬಿಟ್ಟವರು ಬಂಧುಗಳನ್ನು ಮರಳಿ ಕಂಡಿದ್ದಾರೆ, ರಕ್ತ ಬೇಕಾದಾಗ ದಾನಿ ಸಿಕ್ಕಿದ್ದಾನೆ. ಅದೇ ಪುಸ್ತಕ ಪಿಡಿಎಫ್ ರೂಪದಲ್ಲಿ ವಾಟ್ಸಾಪಿನಲ್ಲಿ ಹರಿದಾಡತೊಡಗಿದರೆ ಒಂಟಿಯಾಗಿರುವ ವೃದ್ಧರು ಯಾವ ಮನೆಯಲ್ಲಿದ್ದಾರೆ, ಅವರ ಮಗ ಎಲ್ಲಿದ್ದಾನೆ ಎಂಬುದು ಯಾರಿಗಾದರೂ ಸಿಗುತ್ತದೆ. ಪೊಲೀಸರೆಂದು ನಂಬಿಸಿ, 'ಡಿಜಿಟಲ್ ಅರೆಸ್ಟ್' ಎಂದು ಬೆದರಿಸಿ, ಫೋನಿನಲ್ಲಿಯೇ ಹಿರಿಯರ ಉಳಿತಾಯವನ್ನು ದೋಚುವ ಮೋಸಗಾರರಿಗೆ ಬೇಕಾದುದೂ ಇದೇ ವಿವರ.

ಈ ವಿವರಗಳು ಟ್ರಸ್ಟಿನ ಆಸ್ತಿಯಲ್ಲ. ಮನೆಮನೆಯವರು ನಂಬಿ ಇಟ್ಟುಹೋದ ನ್ಯಾಸ. ಇಟ್ಟವರಿಗೆ ತಾವು ಏನೇನನ್ನು ಬರೆದುಕೊಟ್ಟೆವೆಂಬ ನೆನಪು ಇಂದಿಗೆ ಇರಲಾರದು. ಪೂಜ್ಯಪಾದರ ಉದಾಹರಣೆಯಲ್ಲಿಯೂ ಮರೆತವನು ಇಟ್ಟವನೇ. ಒಂದು ಕಾರ್ಯಕ್ಕೆಂದು ಪಡೆದ ಫೋನ್ ಸಂಖ್ಯೆಯನ್ನು ಇನ್ನೊಂದು ಕಾರ್ಯಕ್ಕೆ, ಚುನಾವಣೆಯ ಅಭ್ಯರ್ಥಿಗೋ ನಿವೇಶನ ಮಾರುವವರಿಗೋ, ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರೂ ಅದು ಅದತ್ತಾದಾನದ ನೆರಳಿನಿಂದ ತಪ್ಪಿಸಿಕೊಳ್ಳಲಾರದು. ಕೊಟ್ಟವರು ಅದಕ್ಕೆಂದು ಕೊಟ್ಟಿರಲಿಲ್ಲ. ಪರಿಗ್ರಹ ಪರಿಮಾಣ ವ್ರತದಲ್ಲಿ ಹೊಲ, ಮನೆ, ಚಿನ್ನ, ಧಾನ್ಯಗಳಿಗೆ ಮಿತಿ ಹಾಕಿಕೊಳ್ಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಮುಂದೆ ಎಂದಾದರೂ ಬೇಕಾದೀತೆಂದು ಕೂಡಿಡುವ ಹೆಸರು, ಸಂಖ್ಯೆ, ಭಾವಚಿತ್ರಗಳಿಗೆ ಮಿತಿ ಹಾಕಿಕೊಂಡ ಸಂಸ್ಥೆಗಳು ಮಾತ್ರ ಅಪರೂಪ.

ಮಾಡಬೇಕಾದುದು ದೊಡ್ಡ ಕೆಲಸವೇನಲ್ಲ. ಪರಿಚಯ ಪುಸ್ತಕದ ಅರ್ಜಿಯಲ್ಲಿ ಯಾವ ವಿವರ ಅಚ್ಚಾಗಬೇಕು, ಯಾವುದು ಕಛೇರಿಯಲ್ಲಷ್ಟೇ ಉಳಿಯಬೇಕು ಎಂಬುದನ್ನು ಕುಟುಂಬದವರೇ ಗುರುತಿಸಲು ಒಂದು ಸ್ಥಳ ಬಿಡಬಹುದು. ಹೆಣ್ಣುಮಕ್ಕಳ ಫೋನ್ ಸಂಖ್ಯೆಯ ಬದಲು ಮನೆಯ ಹಿರಿಯರದನ್ನು, ಪೂರ್ಣ ಜನ್ಮದಿನಾಂಕದ ಬದಲು ವರ್ಷವನ್ನಷ್ಟೇ ಹಾಕಿದರೆ ಸಂಬಂಧ ಹುಡುಕುವವರಿಗೆ ಯಾವ ತೊಡಕೂ ಆಗದು. ಮದುವೆಯಾದವರ ಅರ್ಜಿಯನ್ನು ಅವರಿಗೇ ಮರಳಿಸಿ, ಗಣಕಯಂತ್ರದಲ್ಲಿರುವುದನ್ನು ಅಳಿಸಿದೆವೆಂದು ಒಂದು ಸಾಲಿನ ಪತ್ರ ಬರೆಯಬಹುದು. ಲೆಕ್ಕಪರಿಶೋಧಕರು ಇಂತಿಷ್ಟು ವರ್ಷ ಇಡಲೇಬೇಕೆಂದು ಹೇಳುವ ಕಾಗದಗಳನ್ನು ಬೇರೆ ಬೀಗದಲ್ಲಿಟ್ಟು, ಬೀಗದ ಕೈ ಯಾರಲ್ಲಿದೆಯೆಂಬುದನ್ನು ಸಭೆಯ ನಡಾವಳಿಯಲ್ಲಿ ಬರೆಯಬಹುದು. ಹಿಂದೆ ಅಚ್ಚಾಗಿ ಹಂಚಿಹೋದ ಪುಸ್ತಕಗಳನ್ನು ಮರಳಿ ತರಿಸಲಾಗದು. ಮುಂದಿನ ಆವೃತ್ತಿಯ ಅರ್ಜಿ ಮುದ್ರಣಕ್ಕೆ ಹೋಗುವ ಮುನ್ನ ಅದರ ಅಂಕಣಗಳನ್ನು ಒಂದೊಂದಾಗಿ ಓದಿ, ಇದು ಯಾತಕ್ಕೆ ಬೇಕು ಎಂದು ಕೇಳುವುದಕ್ಕೆ ಟ್ರಸ್ಟಿನ ಒಂದು ಸಂಜೆಯ ಸಭೆ ಸಾಕು.